ಸಿರಿಗಾಡಿಯ ಯೋಗಕ್ಷೇಮ

ಹತ್ತು ಹನ್ನೆರಡು ವರ್ಷ ಓಡಿದ ಜರ್ಮನ್ ಮೋಟಾರು ಕಾರೊಂದು ಇಂದು ಬೆಂಗಳೂರಿನಲ್ಲಿ ಹೊಸದೊಂದು ಸಾಧಾರಣ ಕಾರಿನ ಬೆಲೆಗೆ ದೊರೆಯುತ್ತದೆ. ತೊಗಲಿನ ಆಸನಗಳು, ಮುಂಭಾಗದಲ್ಲಿ ಮೂರು ಕವಲಿನ ನಕ್ಷತ್ರ, ಬಾಗಿಲು ಮುಚ್ಚಿದಾಗ ತಿಜೋರಿಯಂತೆ ಕೇಳಿಬರುವ ಗಂಭೀರವಾದ ಶಬ್ದ, ಇವೆಲ್ಲ ಒಂದು ಕಾಲಕ್ಕೆ ಗಿರಣಿಗಳ ಒಡೆಯರಿಗೂ ರಾಜಮನೆತನಗಳಿಗೂ ಮೀಸಲಾಗಿದ್ದುವು. ಈಗ ಬ್ಯಾಂಕಿನ ಅಧಿಕಾರಿಗೂ ವೈದ್ಯರಿಗೂ, ಧೈರ್ಯ ಮಾಡಿದರೆ ಕಾಲೇಜಿನ ಅಧ್ಯಾಪಕನಿಗೂ ಕೈಗೆಟುಕುವಂತಾಗಿವೆ. ಆದರೆ ಮಾರುವವರು ಒಂದು ಸಂಗತಿಯನ್ನು ಹೇಳುವುದಿಲ್ಲ. ಇಂಥ ಕಾರಿನ ಬೆಲೆ ವರ್ಷ ವರ್ಷಕ್ಕೂ ಇಳಿಯುತ್ತದೆ. ಅದರ ಹಸಿವು ಇಳಿಯುವುದಿಲ್ಲ. ಕಾಲು ಬೆಲೆಗೆ ಕೊಂಡವರಿಗೂ ಅದರ ಬ್ರೇಕು, ಅದರ ಎಣ್ಣೆ, ಅದರ ಬಿಡಿಭಾಗಗಳು ಪೂರ್ಣ ಬೆಲೆಯ ಗಾಡಿಯವೇ.

‘ಯೋಗಕ್ಷೇಮ’ ಎಂಬ ಜೋಡುಪದವನ್ನು ನಾವು ಕಾಗದ ಬರೆಯುವಾಗಲೆಲ್ಲ ಯೋಚಿಸದೆ ಬಳಸಿದ್ದೇವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಸಾಲ ಕೊಡುವ ಸಂಸ್ಥೆಗಳೆಲ್ಲ ಯೋಗಕ್ಕೆ ಕೊಡುತ್ತವೆಯೇ ಹೊರತು ಕ್ಷೇಮಕ್ಕಲ್ಲ.

ಕೊಂಡ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ ಚಾಲಕನ ಮುಂದಿನ ಫಲಕದಲ್ಲಿ ಸರ್ವಿಸಿನ ಸೂಚನೆ ಬೆಳಗುತ್ತದೆ. ಅಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಶೋರೂಮಿಗೇ ಬಿಡೋಣ, ಅವರಿಗಲ್ಲದೆ ಇನ್ನಾರಿಗೆ ಗೊತ್ತು ಎಂಬುದು ತಂದೆಯ ಮತ. ಎಣ್ಣೆ ಬದಲಿಸುವುದಕ್ಕೆ ಅಷ್ಟೊಂದು ಹಣವೇ, ನಾನೇ ಮಾಡುತ್ತೇನೆ ಎಂದು ಮಗನು ಕೈಫೋನಿನಲ್ಲಿ ಒಂದು ಚಿತ್ರವನ್ನು ತೆರೆದು ತೋರಿಸುತ್ತಾನೆ. ತಾಯಿ ಇಬ್ಬರನ್ನೂ ನೋಡಿ, “ಮೊದಲು ಅನ್ನ ತಿನ್ನಿ” ಎನ್ನುತ್ತಾಳೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಯಾವ ಅರ್ಧ ಯಾರದೆಂಬುದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಒಡೆಯನೇ ಮೇಸ್ತ್ರಿಯಾಗಿದ್ದ ಕಾಲ

ಮೋಟಾರು ಗಾಡಿ ಹುಟ್ಟಿದಾಗ ಸರ್ವಿಸ್ ಸ್ಟೇಷನ್ನೆಂಬುದೇ ಇರಲಿಲ್ಲ. 1888ರಲ್ಲಿ ಕಾರ್ಲ್ ಬೆಂಜ್‌ರ ಪತ್ನಿ ಬರ್ತಾ ಬೆಂಜ್, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡನಿಗೆ ತಿಳಿಸದೆ, ಮಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ಆ ಮೂರು ಚಕ್ರದ ಗಾಡಿಯಲ್ಲಿ ಕ್ರಮಿಸಿದರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದರು. ಬ್ರೇಕಿನ ಮರದ ಕಟ್ಟೆ ಸವೆಯಿತು. ಒಬ್ಬ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದರು. ಇಂಧನ ಮುಗಿದಾಗ ವೀಸ್‌ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕೊಂಡರು. ಇಂದು ಸಿರಿವಂತಿಕೆಯ ಗುರುತಾಗಿರುವ ಆ ಮನೆತನದ ಗಾಡಿಗೆ ಮೊದಲ ದಾರಿಬದಿಯ ದುರಸ್ತಿ ಮಾಡಿದ್ದು ಹೀಗೆ ಒಬ್ಬ ಗೃಹಿಣಿ.

ಆಮೇಲೆ ಒಡೆಯರು ಹಿಂದಿನ ಆಸನಕ್ಕೆ ಹೋದರು. ವಿದ್ಯೆ ಚಾಲಕರ ಪಾಲಾಯಿತು. ರೋಲ್ಸ್ ರಾಯ್ಸ್ ಕಂಪನಿ ತನ್ನ ಗಿರಾಕಿಗಳ ಚಾಲಕರಿಗೆ ಪಾಠ ಹೇಳುವ ಶಾಲೆಯನ್ನೇ ನಡೆಸಿತು. ಅಲ್ಲಿ ಕಲಿತವರಿಗೆ ಗಾಡಿ ಓಡಿಸುವುದರಷ್ಟೇ ಅದನ್ನು ಬಿಚ್ಚಿ ನೋಡಿಕೊಳ್ಳುವುದೂ ತಿಳಿದಿರಬೇಕಾಗಿತ್ತು. ವಾಹನವನ್ನು ಸಾಕುವವನಿಗೆ ಅದರ ವೈದ್ಯವೂ ಸ್ವಲ್ಪ ಗೊತ್ತಿರಬೇಕೆಂಬ ಭಾವನೆ ನಮಗೂ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು, ಎತ್ತುಗಳನ್ನು ಸಾಕುವ ಮನೆಗಳಿದ್ದ ನಾಡಿಗೆ ಅದು ಬೇಕಾಗಿತ್ತು.

2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಿಡರನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತುವುದು, ಎಣ್ಣೆಯ ಕಡ್ಡಿಯನ್ನೆಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡುವುದು, ನೀರು ಹಾಕುವುದು, ಗನ್ನಿನಿಂದ ಗ್ರೀಸು ತುಂಬುವುದು, ಇವೆಲ್ಲ ದೇವರ ಪೂಜೆಯಷ್ಟೇ ನಿಯಮಿತವಾಗಿ ನಡೆಯುತ್ತಿದ್ದುವು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಗಾಡಿಗಳ, 2007ರಲ್ಲಿ ಚೆನ್ನೈ ಬಳಿ ಬಿ.ಎಂ.ಡಬ್ಲ್ಯು. ಗಾಡಿಗಳ ಜೋಡಣೆ ಪ್ರಾರಂಭವಾದ ಮೇಲೆ ಬಂದ ಪೀಳಿಗೆಗೆ ಈ ಪೂಜೆ ತಪ್ಪಿತು. ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಹೊದಿಕೆ. ಬಿ.ಎಂ.ಡಬ್ಲ್ಯು.ವಿನ ಅನೇಕ ಎಂಜಿನುಗಳಲ್ಲಿ ಆ ಕಡ್ಡಿಯೇ ಇಲ್ಲ. ಎಣ್ಣೆಯ ಮಟ್ಟವನ್ನು ವಿದ್ಯುತ್ ಸಂವೇದಕವೊಂದು ಅಳೆದು ಫಲಕದ ಮೇಲೆ ತೋರಿಸುತ್ತದೆ. ಕಡ್ಡಿ ಹೋದದ್ದರಿಂದ ಆದ ನಷ್ಟವೆಂದರೆ, ವಾರಕ್ಕೊಮ್ಮೆ ಎಂಜಿನ್ನಿನ ಮುಖ ನೋಡುವ ಅಭ್ಯಾಸವೂ ಅದರೊಡನೆ ಹೋಯಿತು.

ಸರ್ವಿಸ್ ಎಂದರೆ ಏನು?

ಹೆಸರಿಗೆ ಹೆದರಬೇಕಾಗಿಲ್ಲ. ಮರ್ಸಿಡಿಸ್‌ನವರ ‘ಎ’ ಸರ್ವಿಸಿನ ತಿರುಳು ಎಂಜಿನ್ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಿಸಿ, ಉಳಿದ ದ್ರವಗಳ ಮಟ್ಟ, ಬ್ರೇಕು, ಟೈರು ಮುಂತಾದುವನ್ನು ಪರೀಕ್ಷಿಸುವುದು. ‘ಬಿ’ ಸರ್ವಿಸಿನಲ್ಲಿ ಇವುಗಳ ಜೊತೆಗೆ ಒಳಗಿನ ಗಾಳಿಯ ದೂಳು ಫಿಲ್ಟರ್ ಮೊದಲಾದ ಕೆಲವು ಬಾಬುಗಳು ಸೇರುತ್ತವೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 15,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಇವುಗಳ ವಾಯಿದೆ.

‘ಯಾವುದು ಮೊದಲೋ ಅದು’ ಎಂಬ ಮಾತನ್ನು ನಮ್ಮವರು ಹಗುರವಾಗಿ ಕಾಣುತ್ತಾರೆ. “ವರ್ಷಕ್ಕೆ ಆರು ಸಾವಿರ ಕಿಲೋಮೀಟರೂ ಓಡಿಲ್ಲ, ಈಗಲೇ ಏಕೆ?” ಎಂದು ಕೇಳುತ್ತಾರೆ. ಲೆಕ್ಕ ಮಾಡಿ ನೋಡೋಣ. ಗಂಟೆಗೆ ಸರಾಸರಿ 60 ಕಿಲೋಮೀಟರ್ ವೇಗದಲ್ಲಿ 15,000 ಕಿಲೋಮೀಟರ್ ಓಡಿದ ಎಂಜಿನ್ 250 ಗಂಟೆ ದುಡಿದಿರುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಸರಾಸರಿ 20ರ ವೇಗ ಸಿಕ್ಕಿತೆಂದರೂ ಅದೇ ದೂರಕ್ಕೆ 750 ಗಂಟೆ. ದೂರದ ಮಾಪಕಕ್ಕೆ ಸಿಲ್ಕ್ ಬೋರ್ಡಿನಲ್ಲಿ ನಿಂತು ಉಸಿರಾಡಿದ ಅರ್ಧ ಗಂಟೆ ಗೊತ್ತಾಗುವುದಿಲ್ಲ, ಎಣ್ಣೆಗೆ ಗೊತ್ತಾಗುತ್ತದೆ. ಇನ್ನು ಮಗುವನ್ನು ಶಾಲೆಗೆ ಬಿಟ್ಟು ಎರಡು ಕಿಲೋಮೀಟರಿನಲ್ಲಿ ಹಿಂತಿರುಗುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿಯದೆ ಉಳಿದ ಇಂಧನವೂ ನೀರಿನ ಪಸೆಯೂ ಆರಿಹೋಗದೆ ಎಣ್ಣೆಯಲ್ಲಿಯೇ ಕೂಡಿಕೊಳ್ಳುತ್ತವೆ. ಕಡಿಮೆ ಓಡುವ ಕಾರಿಗೆ ವರ್ಷದ ವಾಯಿದೆಯೇ ಮುಖ್ಯವಾಗುವುದು ಇದಕ್ಕಾಗಿ.

ಬ್ರೇಕ್ ಆಯಿಲಿನ ವಿಚಾರ ಇದಕ್ಕಿಂತ ಗಹನವಾದುದು. ಈ ಕಾರುಗಳಲ್ಲಿ ಬಳಸುವ ಬ್ರೇಕ್ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗೆ ಓಡಾಡುವವರಿಗೆ ಈ ವ್ಯತ್ಯಾಸ ಎಂದೂ ತಿಳಿಯದು. ಐದು ಜನರನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು ಧರ್ಮಸ್ಥಳಕ್ಕೆಂದು ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ತಿರುವು ತಿರುವಿಗೂ ಬ್ರೇಕು ಕಾಯುತ್ತದೆ. ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲು ಕಾಲಿನಡಿ ಮೆತ್ತಗೆ ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂದು ಮರ್ಸಿಡಿಸ್, ಬಿ.ಎಂ.ಡಬ್ಲ್ಯು. ಎರಡೂ ವಿಧಿಸಿವೆ. ಹಳೆಯ ಕಾರು ಕೊಂಡವರು ಮೊದಲ ವಾರದಲ್ಲಿ ಬೇರೇನು ಮಾಡದಿದ್ದರೂ ಇದನ್ನು ಮಾಡಿಸಬೇಕೆಂದು ನಾನು ಹೇಳುತ್ತೇನೆ.

ಗೇರುಪೆಟ್ಟಿಗೆಯ ಎಣ್ಣೆಯ ಬಗ್ಗೆ ಒಂದು ಚಮತ್ಕಾರದ ಮಾತಿದೆ: ‘ಆಜೀವ ಪರ್ಯಂತ ಬದಲಿಸಬೇಕಾಗಿಲ್ಲ’. ಯಾರ ಜೀವ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬಿ.ಎಂ.ಡಬ್ಲ್ಯು. ತನ್ನ ಸ್ವಯಂಚಾಲಿತ ಗೇರುಪೆಟ್ಟಿಗೆಗಳ ಎಣ್ಣೆಯನ್ನು ಬಹುಕಾಲ ಹೀಗೆ ವರ್ಣಿಸಿತು. ಆ ಪೆಟ್ಟಿಗೆಗಳನ್ನು ಕಟ್ಟಿಕೊಡುವ ಜೆಡ್.ಎಫ್. ಕಂಪನಿಯಾದರೋ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ, ಇಲ್ಲವೆ ಹೆಚ್ಚೆಂದರೆ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿರೆಂದು ಹೇಳುತ್ತದೆ. ಮೊದಲ ಒಡೆಯನು ನಾಲ್ಕೈದು ವರ್ಷಕ್ಕೆ ಗಾಡಿಯನ್ನು ಮಾರುತ್ತಾನಷ್ಟೆ. ಅವನ ಮಟ್ಟಿಗೆ ಆ ಮಾತು ಸತ್ಯವೇ. ಎರಡನೆಯ, ಮೂರನೆಯ ಒಡೆಯರಾದ ನಮ್ಮಂಥವರು ಪೆಟ್ಟಿಗೆಯನ್ನು ಕಟ್ಟಿದವರ ಮಾತನ್ನೇ ಕೇಳಬೇಕು.

ಶೋರೂಮಿನವರ ಪಕ್ಷ

ಕಂಪನಿಯ ಸರ್ವಿಸಿನ ಪರವಾಗಿ ಹೇಳಬೇಕಾದುದು ಸಾಕಷ್ಟಿದೆ. ಅವರಲ್ಲಿ ಆಯಾ ಗಾಡಿಗೆಂದೇ ಮಾಡಿದ ಗಣಕಯಂತ್ರವಿರುತ್ತದೆ. ಕಾರಿನೊಳಗಿನ ಹತ್ತಾರು ನಿಯಂತ್ರಕಗಳ ದೂರನ್ನು ಅದು ಓದಿ ಹೇಳುತ್ತದೆ. ಯಾವುದಾದರೂ ಭಾಗದಲ್ಲಿ ಹುಟ್ಟುದೋಷವಿದೆಯೆಂದು ಕಂಪನಿಯೇ ಗಾಡಿಗಳನ್ನು ಹಿಂದಕ್ಕೆ ಕರೆದಿದ್ದರೆ, ಅದನ್ನು ನೋಡಿ ಉಚಿತವಾಗಿ ಸರಿಪಡಿಸುವವರು ಅವರೇ. ತಕಾಟ ಎಂಬ ಜಪಾನೀ ಕಂಪನಿಯ ಗಾಳಿಚೀಲಗಳು ಒಡೆದು ಲೋಹದ ಚೂರು ಸಿಡಿಸಿದ್ದರಿಂದ ಜಗತ್ತಿನಾದ್ಯಂತ ಕೋಟಿಗಟ್ಟಲೆ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸಿರಿವಂತ ಗಾಡಿಗಳೂ ಅದರಿಂದ ಹೊರತಾಗಿರಲಿಲ್ಲ. ಕೈಯಿಂದ ಕೈಗೆ ದಾಟಿದ ಹಳೆಯ ಕಾರಿನಲ್ಲಿ ಇಂಥ ಕೆಲಸ ಬಾಕಿ ಉಳಿದಿರಬಹುದು. ಆದುದರಿಂದ, ಎಣ್ಣೆಯನ್ನು ಎಲ್ಲಿ ಬದಲಿಸಿದರೂ ಸರಿಯೆ, ಒಂದು ಸಲ ಗಾಡಿಯ ಛಾಸಿ ಸಂಖ್ಯೆಯನ್ನು ಕೊಟ್ಟು ಶೋರೂಮಿನಲ್ಲಿ ವಿಚಾರಿಸಿಬಿಡಬೇಕು.

ಮತ್ತೊಂದು, ದಾಖಲೆ. ಕಂಪನಿಯ ಕಡತದಲ್ಲಿ ಸಾಲು ತಪ್ಪದೆ ಸರ್ವಿಸ್ ನಮೂದಾಗಿರುವ ಗಾಡಿಗೆ ಮಾರಾಟದಲ್ಲಿ ಬೆಲೆ ಹೆಚ್ಚು.

ಇನ್ನು ಅವರ ದೋಷ. ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ಬಿಲ್ಲನ್ನು ಕಾಲೇಜಿಗೇ ತಂದು ಮೇಜಿನ ಮೇಲೆ ಹರಡಿದರು. ಕಾರಿನೊಡನೆ ಬಂದ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಹಸ್ತಪ್ರತಿಗಳ ಪಾಠಾಂತರ ನೋಡುವಂತೆ ಇಬ್ಬರೂ ಸಾಲು ಸಾಲಾಗಿ ಹೋಲಿಸಿದೆವು. ಎಂಜಿನ್ ತೊಳೆಯುವ ದ್ರಾವಣ, ಇಂಜೆಕ್ಟರ್ ಶುದ್ಧಿ, ಏರ್‌ಕಂಡೀಷನರಿನ ಸುಗಂಧ ಚಿಕಿತ್ಸೆ, ತಳಭಾಗದ ಲೇಪನ, ಇವೊಂದೂ ಕೈಪಿಡಿಯ ಪಟ್ಟಿಯಲ್ಲಿರಲಿಲ್ಲ. ಎಲ್ಲವೂ ಪ್ರಕ್ಷಿಪ್ತಗಳು! ನಿಜವಾದ ಸರ್ವಿಸಿನ ಖರ್ಚಿಗಿಂತ ಪ್ರಕ್ಷಿಪ್ತ ಭಾಗದ್ದೇ ಹೆಚ್ಚಾಗಿತ್ತು. ಮುಂದಿನ ವರ್ಷ ಅವರು ಅದೇ ಕಾರ್ಯಾಗಾರಕ್ಕೆ ಕೈಪಿಡಿಯ ಪುಟವನ್ನು ಹಿಡಿದುಕೊಂಡೇ ಹೋದರು. “ಇದರಲ್ಲಿರುವುದನ್ನು ಮಾತ್ರ ಮಾಡಿ, ಉಳಿದುದಕ್ಕೆ ನನ್ನನ್ನು ಕೇಳಿ” ಎಂದರು. ಯಾರೂ ಬೇಸರಿಸಲಿಲ್ಲವಂತೆ; ಬಿಲ್ಲು ಮಾತ್ರ ಕುಗ್ಗಿತು.

ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ರದ್ದಾಗುತ್ತದೆಂಬ ಭಯ ವ್ಯಾಪಕವಾಗಿದೆ. ಅಮೆರಿಕದಲ್ಲಿ 1975ರ ಕಾಯಿದೆಯೊಂದು ಇಂಥ ಕಟ್ಟುಪಾಡನ್ನು ಬಹುಮಟ್ಟಿಗೆ ತಡೆದಿದೆ. ನಮ್ಮಲ್ಲಿ 2014ರ ಆಗಸ್ಟ್ ತಿಂಗಳಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮರ್ಸಿಡಿಸ್, ಬಿ.ಎಂ.ಡಬ್ಲ್ಯು. ಸೇರಿದಂತೆ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ಬಿಡಿಭಾಗಗಳೂ ಪರೀಕ್ಷಾ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿರುವುದು ತಪ್ಪೆಂದೂ, ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಸಲ್ಲದೆಂದೂ ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೂಡಿದುವು. ವ್ಯಾಜ್ಯ ವರ್ಷಗಟ್ಟಲೆ ಬೆಳೆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ‘ದುರಸ್ತಿಯ ಹಕ್ಕಿ’ಗಾಗಿ ಒಂದು ಜಾಲತಾಣವನ್ನು ತೆರೆದು, ಕಾರು ಕಂಪನಿಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆದರೂ ಗ್ರಂಥದ ನ್ಯಾಯ ಬೇರೆ, ಕೌಂಟರಿನ ಮುಂದಿನ ವ್ಯವಹಾರ ಬೇರೆ. ಹತ್ತು ಸಾವಿರ ಉಳಿಸಹೋಗಿ ಲಕ್ಷಗಳ ವಾರಂಟಿಗಾಗಿ ವಕೀಲರ ಮನೆಗೆ ಅಲೆಯುವುದು ಗೃಹಸ್ಥನ ಕೆಲಸವಲ್ಲ. ವಾರಂಟಿ ಜಾರಿಯಲ್ಲಿರುವಷ್ಟು ಕಾಲ ಶೋರೂಮಿಗೇ ಹೋಗುವುದು ಮೇಲು.

ಸ್ವಂತ ಕೈಯ ಸುಖ, ಸ್ವಂತ ಕೈಯ ಗಂಡಾಂತರ

ವಾರಂಟಿ ಮುಗಿದ ಮೇಲೆ ಮಾತು ಬೇರೆ. ನಮ್ಮ ಬೀದಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರಿದ್ದಾರೆ. ಅವರ ಹಳೆಯ ಮರ್ಸಿಡಿಸಿಗೆ ಹಲವು ವರ್ಷಗಳಿಂದ ಅವರೇ ಎಣ್ಣೆ ಬದಲಿಸುತ್ತಾರೆ. ಒಂದು ಭಾನುವಾರ ನಾನು ಪತ್ರಿಕೆ ಹಿಡಿದು ಗೇಟಿನ ಬಳಿ ನಿಂತಿದ್ದಾಗ, “ಬನ್ನಿ ಮೇಷ್ಟ್ರೆ, ವ್ಯಾಕರಣ ಇಲ್ಲೂ ಇದೆ” ಎಂದು ಕರೆದರು.

ಇತ್ತೆಂಬುದು ನಿಜ. ಆ ಕಾರಿನ ಫಿಲ್ಟರ್ ಎಂಜಿನ್ನಿನ ಮೇಲ್ಭಾಗದಲ್ಲಿಯೇ ಇದೆ. ಎಣ್ಣೆಯನ್ನು ಕಡ್ಡಿಯ ಕೊಳವೆಯ ಮೂಲಕ ಕೈಪಂಪಿನಿಂದ ಮೇಲಕ್ಕೇ ಹೀರಿ ತೆಗೆದರು. ಕಾರಿನ ಅಡಿಗೆ ನುಗ್ಗುವ ಪ್ರಸಂಗವೇ ಬರಲಿಲ್ಲ. ಫಿಲ್ಟರಿನ ಮುಚ್ಚಳದ ಮೇಲೆ ‘25’ ಎಂಬ ಅಂಕಿ ಅಚ್ಚಾಗಿತ್ತು. ಅಷ್ಟು ನ್ಯೂಟನ್ ಮೀಟರಿಗೆ ಬಿಗಿಯಬೇಕು, ಹೆಚ್ಚಲ್ಲ, ಕಡಿಮೆಯಲ್ಲ. ಅದನ್ನು ಅಳೆಯುವ ಟಾರ್ಕ್ ರೆಂಚನ್ನು ಅವರು ವೀಣೆಯಂತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಹಳೆಯ ರಬ್ಬರ್ ಉಂಗುರಗಳನ್ನು ಬಿಸುಟು ಹೊಸವನ್ನು ಎಣ್ಣೆ ಸವರಿ ಕೂಡಿಸಿದರು. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. “ಅಂಬಾಸಿಡರ್ ಬಿಚ್ಚಿದವರು ಬಲಕ್ಕೆ ಒಗ್ಗಿರುತ್ತಾರೆ, ಅಲ್ಯೂಮಿನಿಯಮ್ಮಿಗೆ ಬಲ ಕೂಡದು. ಮರೆ ಹಾಳಾದರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಯಿತು” ಎಂದರು.

ಎಣ್ಣೆಯ ಆಯ್ಕೆಯಲ್ಲಿ ಅವರಿಗೆ ಎಣೆಯಿಲ್ಲದ ಶ್ರದ್ಧೆ. ಡಬ್ಬಿಯ ಹಿಂಬದಿಯ ಸಣ್ಣಕ್ಷರವನ್ನು ಓದಬೇಕು. ‘ಇಂತಿಂಥ ಗಾಡಿಗೆ ಯೋಗ್ಯ’ ಎಂಬುದು ಎಣ್ಣೆಯವನ ಹೇಳಿಕೆ, ‘ಎಂ.ಬಿ. ಅನುಮೋದನೆ 229.5’ ಎಂದಿದ್ದರೆ ಕಾರು ಕಂಪನಿಯ ಒಪ್ಪಿಗೆ. ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರಿರುವ ಡೀಸೆಲ್ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ 229.51, 229.52 ಮೊದಲಾದ ಜಾತಿಯೇ ಆಗಬೇಕು; ತಪ್ಪಿದರೆ ದುಬಾರಿಯ ಆ ಫಿಲ್ಟರ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ದ್ರವಗಳ ಜಾತಿ ಕೆಡಿಸಿದರೆ ಸಿರಿಗಾಡಿಗಳು ಕ್ಷಮಿಸುವುದಿಲ್ಲ. 1980ರಲ್ಲಿ ಬಂದ ರೋಲ್ಸ್ ರಾಯ್ಸ್ ಸಿಲ್ವರ್ ಸ್ಪಿರಿಟ್‌ನ ಬ್ರೇಕಿಗೆ ಖನಿಜ ತೈಲ ಬೇಕು. ಯಾರಾದರೂ ಪುಣ್ಯಾತ್ಮರು ಪೇಟೆಯ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಹಾಳು.

ಬಿಡಿಭಾಗಗಳಲ್ಲಿಯೂ ಒಂದು ಗುಟ್ಟಿದೆ. ಕಾರು ಕಂಪನಿ ಫಿಲ್ಟರನ್ನಾಗಲಿ ಸ್ಪಾರ್ಕ್ ಪ್ಲಗ್ಗನ್ನಾಗಲಿ ತಾನೇ ಮಾಡುವುದು ಅಪರೂಪ. ಮಾನ್, ಮಾಲೆ, ಹೆಂಗ್ಸ್ಟ್, ಬಾಷ್ ಮುಂತಾದವರು ಮಾಡಿಕೊಟ್ಟದ್ದನ್ನೇ ತನ್ನ ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ. ಅದೇ ತಯಾರಕರ ಹೆಸರಿನ ಪೆಟ್ಟಿಗೆಯಲ್ಲಿ ಕೊಂಡರೆ ಬೆಲೆ ಇಳಿಯುತ್ತದೆ. ಈ ಬಾಷ್ ನಮಗೆ ಹೊರಗಿನವರೂ ಅಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನಮ್ಮ ‘ಮೈಕೋ’ವೇ 2008ರಲ್ಲಿ ಆ ಹೆಸರು ತಾಳಿತು. ಆದರೆ ಜೆ.ಸಿ. ರಸ್ತೆಯಲ್ಲಿ ಪೆಟ್ಟಿಗೆ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಹೆಸರಾದ ಮಾಲಿಗೆಲ್ಲ ನಕಲಿಯೂ ಇರುತ್ತದೆ. ರಸೀದಿ ಕೊಡದ ಅಂಗಡಿಯಲ್ಲಿ ಅಗ್ಗದ ಎಣ್ಣೆಯನ್ನು ಕೊಳ್ಳುವುದಕ್ಕಿಂತ ಶೋರೂಮಿನ ಬಿಲ್ಲನ್ನು ತೆರುವುದೇ ಲೇಸು.

ಎಂಜಿನ್ ಎಣ್ಣೆ, ಗಾಳಿಯ ಫಿಲ್ಟರ್, ಒಳಗಿನ ದೂಳು ಫಿಲ್ಟರ್, ವೈಪರು—ಇಷ್ಟನ್ನು ತಾಳ್ಮೆಯುಳ್ಳ ಯಾರಾದರೂ ಮಾಡಬಹುದು. ಅಲ್ಲಿಂದಾಚೆಗೆ ಗೆರೆ ಎಳೆಯಬೇಕು. ಬ್ಯಾಟರಿ ಬದಲಿಸುವುದು ಸುಲಭವೆಂದು ತೋರುತ್ತದೆ. ಆದರೆ ಅನೇಕ ಬಿ.ಎಂ.ಡಬ್ಲ್ಯು.ಗಳಲ್ಲಿ ಹೊಸ ಬ್ಯಾಟರಿ ಬಂದಿದೆಯೆಂದು ಗಾಡಿಯ ಗಣಕಕ್ಕೆ ನೋಂದಾಯಿಸದಿದ್ದರೆ, ಅದು ಮುದಿ ಬ್ಯಾಟರಿಯೆಂದೇ ತಿಳಿದು ವಿದ್ಯುತ್ ತುಂಬುತ್ತದೆ. ಮೋಟಾರಿನಿಂದ ನಡೆಯುವ ಕೈಬ್ರೇಕಿದ್ದರೆ, ಅದನ್ನು ಉಪಕರಣದಿಂದ ಹಿಂದಕ್ಕೆ ಸರಿಸದೆ ಹಿಂಬದಿಯ ಬ್ರೇಕ್ ಪ್ಯಾಡನ್ನು ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ಭಯಂಕರವಾದ ನಿದರ್ಶನ 2002ರಿಂದ 2006ರವರೆಗೆ ಬಂದ ಮರ್ಸಿಡಿಸ್ ಇ-ಕ್ಲಾಸ್ ಗಾಡಿಗಳದು. ಅವುಗಳ ಬ್ರೇಕಿಗೆ ವಿದ್ಯುತ್ ಪಂಪು. ಕಾರಿನ ಬಾಗಿಲು ತೆರೆದರೆ ಸಾಕು, ಪೆಡಲನ್ನು ಯಾರೂ ತುಳಿಯದಿದ್ದರೂ ವ್ಯವಸ್ಥೆ ಎಚ್ಚರಗೊಂಡು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ತಂದೆಯೊಬ್ಬನು ಚಕ್ರ ಕಳಚಿ ಪ್ಯಾಡು ಬದಲಿಸಲು ಬೆರಳಿಟ್ಟಿರುವಾಗ, ಮಗು ಚೆಂಡು ತೆಗೆದುಕೊಳ್ಳಲೆಂದು ಬಾಗಿಲು ತೆರೆಯಿತೆನ್ನಿ. ಬ್ರೇಕು ಅಪಾರವಾದ ಒತ್ತಡದಿಂದ ಹಿಡಿದುಕೊಳ್ಳುತ್ತದೆ, ಬೆರಳುಗಳು ಉಳಿಯುವುದಿಲ್ಲ. ಆ ವ್ಯವಸ್ಥೆಯನ್ನು ಉಪಕರಣದಿಂದ ನಿಷ್ಕ್ರಿಯಗೊಳಿಸಿದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಎರಡು ನಿಮಿಷದ ಚಿತ್ರ ನೋಡಿ ಬ್ರೇಕಿಗೆ ಇಳಿಯುವ ಮಗನಿಗೆ ತಂದೆ ಹೇಳಬೇಕಾದ ಮಾತು ಇದು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ, ಎಂದಿಗೂ, ಒಂದು ನಿಮಿಷಕ್ಕಾದರೂ ಹೋಗಕೂಡದೆಂಬುದನ್ನೂ ಇಲ್ಲಿಯೇ ಸೇರಿಸಿಬಿಡುತ್ತೇನೆ.

ನಡುವಣ ದಾರಿಯೊಂದಿದೆ. ಕಂಪನಿಯ ಕಾರ್ಯಾಗಾರದಲ್ಲಿ ವರ್ಷಗಟ್ಟಲೆ ದುಡಿದು ಹೊರಬಂದು, ಜರ್ಮನ್ ಗಾಡಿಗಳಿಗೆಂದೇ ಗ್ಯಾರೇಜು ತೆರೆದ ಮೆಕ್ಯಾನಿಕರು ಈಗ ಬೆಂಗಳೂರಿನಲ್ಲಿ ಅಪರೂಪವಲ್ಲ. ಗಣಕದ ಉಪಕರಣ ಇದೆಯೇ, ಯಾವ ಎಣ್ಣೆಯ ಡಬ್ಬಿ ಒಡೆಯುತ್ತಾರೆಂಬುದನ್ನು ನಮ್ಮ ಕಣ್ಣೆದುರಿಗೆ ತೋರಿಸುತ್ತಾರೆಯೇ, ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಕೊಡುತ್ತಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಹೌದೆಂದವರಲ್ಲಿ ಬ್ರೇಕನ್ನೂ ಗೇರುಪೆಟ್ಟಿಗೆಯನ್ನೂ ಒಪ್ಪಿಸಬಹುದು. ಗಾಳಿಚೀಲದ ದೀಪ ಉರಿದರೆ ಮಾತ್ರ ಶೋರೂಮು. ಯಾರಲ್ಲಿ ಮಾಡಿಸಿದರೂ, ತಾವೇ ಮಾಡಿದರೂ, ದಿನಾಂಕ, ಕಿಲೋಮೀಟರ್, ಎಣ್ಣೆಯ ಹೆಸರು, ರಸೀದಿ ಇವಿಷ್ಟೂ ಒಂದು ದಪ್ಪ ರಟ್ಟಿನ ನೋಟುಪುಸ್ತಕದಲ್ಲಿರಲಿ. ನಮ್ಮ ಎಂಜಿನಿಯರರ ಪುಸ್ತಕದಲ್ಲಿ ಅಂಟಿಸಿದ ರಸೀದಿಗಳ ಪಕ್ಕದಲ್ಲಿ ಅವರ ಶ್ರೀಮತಿಯವರ ಕೈಬರಹವೂ ಇದೆ. ಲೆಕ್ಕ ಇಡುವವರು ಅವರೇ.

ಕೊನೆಗೆ ಉಳಿಯುವುದು ಹೊರತೆಗೆದ ಎಣ್ಣೆ. ಸಣ್ಣ ಕಾರಿನಿಂದ ಸುಮಾರು ಮೂರು ಲೀಟರ್ ಬಂದರೆ ಇಂಥ ಗಾಡಿಗಳಿಂದ ಐದರಿಂದ ಎಂಟು ಲೀಟರ್ ಬರುತ್ತದೆ. ಸ್ವಂತ ಕೈಯ ಉತ್ಸಾಹಿಗಳು ಯೋಚಿಸದೆ ಬಿಡುವುದು ಇದನ್ನೇ. ಮೋರಿಗೆ ಸುರಿದರೆ ಅದು ಮಳೆಗಾಲದಲ್ಲಿ ಕೆರೆಯನ್ನು ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮದಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹೊಸ ಎಣ್ಣೆ ಬಂದ ಡಬ್ಬಿಯಲ್ಲಿಯೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ತ್ಯಾಜ್ಯದ ಎಣ್ಣೆಯನ್ನು ಪರವಾನಗಿ ಪಡೆದವರಿಗೆ ಒಪ್ಪಿಸುವ ದೊಡ್ಡ ಗ್ಯಾರೇಜಿಗೆ ಕೊಡಬೇಕು. ಅಂದು ಭಾನುವಾರ ನಮ್ಮ ಎಂಜಿನಿಯರರು ಆ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟಾಗ ನಾನೂ ಒಂದನ್ನು ಹಿಡಿದುಕೊಂಡೆ. ಇನ್ನೂ ಬೆಚ್ಚಗಿತ್ತು.